ಸಹಾಯ ಬೇಕು: ಮೊದಲು ಹಳೆ ಮನೆ ಮಾರಬೇಕಾ, ಹೊಸದು ಕೊಳ್ಳಬೇಕಾ?

ಎಲ್ಲರಿಗೂ ನಮಸ್ಕಾರ. ಎರಡು ರೂಮಿನ ಮನೆ ಈಗ ನಮಗೆ ಸಾಲುತ್ತಿಲ್ಲ. ಮಗಳು ಊಟದ ಮೇಜಿನ ಮೇಲೆ ಓದುತ್ತಾಳೆ, ತಟ್ಟೆ ಇಡಬೇಕಾದರೆ ಪುಸ್ತಕ ಎತ್ತಿಡಬೇಕು. ಹಾಗಾಗಿ ಇದನ್ನು ಮಾರಿ ದೊಡ್ಡ ಮನೆಗೆ ಹೋಗೋಣ ಅಂದುಕೊಂಡಿದ್ದೇವೆ.

ತಲೆಬಿಸಿ ಇರುವುದು ಮೊದಲು ಯಾವುದು ಅನ್ನುವುದರಲ್ಲಿ. ಮೊದಲು ಮಾರಿದರೆ ನಡುವೆ ಬಾಡಿಗೆ ಮನೆ ಹುಡುಕಬೇಕು, ಸಾಮಾನು ಎರಡು ಸಲ ಸಾಗಿಸಬೇಕು. ಮೊದಲು ಕೊಂಡರೆ, ಇದು ಮಾರಾಟವಾಗುವವರೆಗೆ ತಿಂಗಳಿಗೆ ಎರಡೆರಡು ಕಂತು. ಹಳೆ ಸಾಲ ಇನ್ನೂ ತೀರಿಲ್ಲ, ಮೂಲ ಪತ್ರಗಳು ಬ್ಯಾಂಕಿನಲ್ಲೇ ಇವೆ. ಹೀಗಿರುವಾಗ ಮಾರಿದವರು ಯಾರಾದರೂ ಇದ್ದೀರಾ? ಕೊಳ್ಳುವವರು ಕೊಟ್ಟ ಮುಂಗಡದಲ್ಲಿ ಸಾಲ ತೀರಿಸಿದಿರಾ, ಇಲ್ಲಾ ಅವರ ಬ್ಯಾಂಕೇ ನೇರವಾಗಿ ಕಟ್ಟಿತಾ? ಪತ್ರ ಕೈಗೆ ಬರಲು ಎಷ್ಟು ದಿನ ಹಿಡಿಯಿತು?

ಇನ್ನೊಂದು ವಿಷಯ. ಬಚ್ಚಲಿನ ಹಿಂದಿನ ಗೋಡೆಯಲ್ಲಿ ಅಂಗೈಯಗಲ ತೇವ ಇದೆ, ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಸುಮ್ನೆ ಮೇಲೆ ಬಣ್ಣ ಹೊಡೆಸಿದರಾಯ್ತು ಅನ್ನುತ್ತಾರೆ ನಮ್ಮೆಜಮಾನರು. ನನಗೆ ಮನಸ್ಸಿಲ್ಲ. ಒಳಗೆ ಪೈಪ್ ಸೋರುತ್ತಿದ್ದರೆ ಮತ್ತೆ ಕಾಣಿಸಿಕೊಳ್ಳುತ್ತದೆ, ಅಲ್ವಾ? ರಿಪೇರಿ ಮಾಡಿಸಿಯೇ ಮನೆ ತೋರಿಸಬೇಕಾ, ಅಥವಾ ಇದ್ದದ್ದನ್ನು ಹೇಳಿ ಬೆಲೆಯಲ್ಲಿ ಸ್ವಲ್ಪ ಬಿಡಬೇಕಾ? ಅಡುಗೆಮನೆ ಹೊಸದು ಮಾಡಿಸುವ ಯೋಚನೆ ಮಾತ್ರ ಬಿಟ್ಟಾಗಿದೆ.