ಸಹಾಯ ಬೇಕು: ಸ್ಟ್ರೇಟ್-ಪುಲ್ ರೈಫಲ್ ಕೊಳ್ಳಲಾ, ಮಾಮೂಲಿ ಬೋಲ್ಟ್ ಆಕ್ಷನ್ ಸಾಕಾ?

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಬೇಟೆ ಲೈಸೆನ್ಸ್ ಇರುವ ಕನ್ನಡದವರು ಯಾರಾದರೂ ಇದ್ದೀರಾ? ನಾನಿರೋದು ಬವೇರಿಯಾದಲ್ಲಿ. ಪರೀಕ್ಷೆ ಪಾಸಾಯ್ತು, ಈಗ ಮೊದಲ ರೈಫಲ್ ಕೊಳ್ಳಬೇಕು. (ಭಾರತದಲ್ಲಿ 1972ರ ಕಾಯ್ದೆಯಿಂದ ಬೇಟೆ ನಿಷೇಧ, ಗೊತ್ತು. ಆ ಚರ್ಚೆ ಇಲ್ಲಿ ಬೇಡ, ಪ್ಲೀಸ್.)

ಅಂಗಡಿಯಲ್ಲಿ ಬ್ಲೇಸರ್ ಆರ್8 ಅನ್ನೋ ಸ್ಟ್ರೇಟ್-ಪುಲ್ ರೈಫಲ್ ಕೈಗೆ ಕೊಟ್ಟರು. ಬೋಲ್ಟ್ (ತೋಟಾ ಒಳಗೆ ತಳ್ಳುವ, ಖಾಲಿಯಾದದ್ದನ್ನು ಹೊರಗೆಳೆಯುವ ಭಾಗ) ಹಿಡಿಯನ್ನು ಮಾಮೂಲಿ ಬೋಲ್ಟ್ ಆಕ್ಷನ್ ಥರ ಮೇಲೆತ್ತುವ ಕೆಲಸವೇ ಇಲ್ಲ. ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಮುಗೀತು. ಕೋವಿ ಭುಜದಿಂದ ಕದಲಲಿಲ್ಲ, ಕಣ್ಣು ಸ್ಕೋಪ್ ಬಿಡಲಿಲ್ಲ. ಹೆಬ್ಬೆರಳಿನಿಂದ ಗುಂಡಿ ತಳ್ಳಿದಾಗ ಮಾತ್ರ ಗುಂಡು ಹಾರಿಸುವ ಸ್ಪ್ರಿಂಗ್ ಬಿಗಿಯಾಗುತ್ತೆ, ಹಾಗಾಗಿ ತೋಟಾ ತುಂಬಿಕೊಂಡು ಕಾಯೋಕೂ ಧೈರ್ಯ. ಬೆಲೆ ಮಾತ್ರ ಕೇಳಬೇಡಿ! ಅದೇ ದುಡ್ಡಲ್ಲಿ ಮಾಮೂಲಿ ಬೋಲ್ಟ್ ಆಕ್ಷನ್ನಿನ ಟಿಕ್ಕಾ ಟಿ3ಎಕ್ಸ್ ಜೊತೆಗೆ ಒಳ್ಳೇ ಸ್ಕೋಪೂ ಬರುತ್ತೆ.

ನನ್ನ ಅನುಮಾನ ಇದು. ಮೌಸರ್ 98ರಂಥ ಮಾಮೂಲಿ ಬೋಲ್ಟ್ ಆಕ್ಷನ್ ಕೋವಿಯಲ್ಲಿ ಹಿಡಿ ಮೇಲೆತ್ತುವಾಗಲೇ ಸಿಕ್ಕಿಕೊಂಡ ತೋಟಾ ಸಡಿಲವಾಗುತ್ತೆ. ನೇರ ಎಳೆತದಲ್ಲಿ ಆ ಮೀಟುವ ಬಲ ಕಡಿಮೆ ಅಲ್ವಾ? ಮಳೆ, ಕೆಸರು, ಚಳಿಯಲ್ಲಿ ಯಾರಿಗಾದರೂ ತೋಟಾ ಸಿಕ್ಕಿಕೊಂಡಿದೆಯಾ?

ನಾನು ಜಾಸ್ತಿ ಅಟ್ಟಣೆ ಮೇಲೆ ಕೂತು ರೋ ಜಿಂಕೆಗೆ ಕಾಯುವವನು. ಅಲ್ಲಿ ಒಂದೇ ಗುಂಡು, ಅವಸರ ಇಲ್ಲ. ಎರಡನೇ ಗುಂಡು ಬೇಗ ಬೇಕಾಗೋದು ಚಳಿಗಾಲದಲ್ಲಿ ಕಾಡುಹಂದಿ ಎಬ್ಬಿಸಿ ಓಡಿಸುವಾಗ ಮಾತ್ರ. ಅಷ್ಟಕ್ಕೆ ಇಷ್ಟು ದುಡ್ಡು ಸುರಿಯಬೇಕಾ?

ಇನ್ನೊಂದು, ನಾನು ಎಡಗೈಯವನು. ಬೆರೆಟ್ಟಾ ಬಿಆರ್‌ಎಕ್ಸ್1ರಲ್ಲಿ (ಇದೂ ಸ್ಟ್ರೇಟ್-ಪುಲ್ಲೇ) ಬೋಲ್ಟ್ ಹಿಡಿಯನ್ನು ಎಡಕ್ಕೂ ಹಾಕಿಕೊಳ್ಳಬಹುದು. ಬಳಸಿದವರು ಇದ್ದರೆ ಹೇಳಿ, ಜಾಹೀರಾತಿನ ಮಾತು ಬೇಡ.