ಸೋಲಾರ್ ಬಿಸಿನೀರು ಚಳಿಗಾಲದಲ್ಲಿ ಮಾತ್ರ ಸಾಲುತ್ತಿಲ್ಲ, ಏನು ಮಾಡೋದು?

ಮೈಸೂರಿನಿಂದ ಪ್ರಶ್ನೆ:
ನಮ್ಮದು 200 ಲೀಟರ್ ಟ್ಯೂಬ್ ಸೋಲಾರ್. ಮನೆಯಲ್ಲಿ ಐದು ಜನ. ಬೇಸಿಗೆಯಲ್ಲಿ ಸ್ನಾನ, ಪಾತ್ರೆ ಎಲ್ಲ ಮುಗಿದರೂ ಬಿಸಿನೀರು ಉಳಿಯುತ್ತೆ. ಡಿಸೆಂಬರ್ ಬಂತೆಂದರೆ ಮೂರನೆಯವರು ಬಚ್ಚಲಿಗೆ ಹೋಗುವ ಹೊತ್ತಿಗೆ ಬರೀ ಉಗುರು ಬೆಚ್ಚಗೆ. ಅತ್ತೆಗೆ ಮಂಡಿನೋವು, ಅವರಿಗೆ ಬಿಸಿನೀರು ಬೇಕೇ ಬೇಕು. ರಿಪೇರಿಯವರು ಟೆರೇಸ್ ಹತ್ತಿ ನೋಡದೆಯೇ 300 ಲೀಟರಿಂದು ಹಾಕಿಸಿ ಅಂತಿದ್ದಾರೆ. ಅನುಭವ ಇರೋರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:
ಮೇಡಂ, ಈಗಲೇ ದುಡ್ಡು ಸುರಿಯಬೇಡಿ. ನೀರು ಮೇಲೆಯೇ ಕಾಯುತ್ತಿಲ್ಲವೋ, ಕಾದದ್ದು ಕೆಳಗೆ ಬರುವಷ್ಟರಲ್ಲಿ ಕೆಡುತ್ತಿದೆಯೋ, ಅದು ಮೊದಲು ಗೊತ್ತಾಗಬೇಕು. ಸಂಜೆ ಐದರ ಹೊತ್ತಿಗೆ ಟ್ಯಾಂಕಿಗೆ ಹತ್ತಿರದ ನಲ್ಲಿಯಲ್ಲಿ ಪೈಪಿನ ತಣ್ಣೀರು ಹೋಗೋವರೆಗೂ ಬಿಟ್ಟು, ಆಮೇಲೆ ಬಂದ ನೀರಿಗೆ ಥರ್ಮಾಮೀಟರ್ ಇಡಿ. ಜ್ವರ ನೋಡೋದು ಬೇಡ, ಅದರ ಅಳತೆ 42ರ ಆಸುಪಾಸಿಗೇ ಮುಗಿಯುತ್ತೆ. ಅಡುಗೆಗೆ ಬಳಸುವುದು ಸಾಕು.

ಚಳಿಗಾಲದ ಲೆಕ್ಕವೇ ಬೇರೆ. ಸ್ನಾನಕ್ಕೆ 42 ಡಿಗ್ರಿ ಬೇಕು ಅಂತಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರು 60, ತಣ್ಣೀರು 28 ಇದ್ದರೆ 20 ಲೀಟರ್ ಬಕೆಟ್‌ಗೆ ಬಿಸಿನೀರು ಒಂಬತ್ತು ಲೀಟರ್ ಸಾಕು. ಜನವರಿಯಲ್ಲಿ ಬಿಸಿನೀರು 50, ತಣ್ಣೀರು 20 ಆದರೆ ಅದೇ ಬಕೆಟ್‌ಗೆ ಹದಿನೈದು ಲೀಟರ್ ಹೋಗುತ್ತೆ. ಅಂದರೆ ಬೇಸಿಗೆಯಲ್ಲಿ 22 ಬಕೆಟ್ ಕೊಡುತ್ತಿದ್ದ ಟ್ಯಾಂಕು ಈಗ ಕೊಡೋದು 13. ಅಷ್ಟಾದರೂ ಐದು ಜನಕ್ಕೆ ಸಾಕಲ್ವಾ? ಮೂರನೆಯವರಿಗೇ ಮುಗಿಯುತ್ತೆ ಅಂದರೆ ಬೇರೇನೋ ಇದೆ.

ನನಗೆ ಅನುಮಾನ ಮಿಕ್ಸರ್ ನಲ್ಲಿ ಮೇಲೆ. ಮಿಕ್ಸರಿನ ಬಿಸಿ, ತಣ್ಣೀರು ಎರಡೂ ತಿರುಗಣೆ ತೆರೆದೇ ಇದ್ದು, ತುದಿಯ ಹ್ಯಾಂಡ್ ಶವರ್ ಮಾತ್ರ ಮುಚ್ಚಿದ್ದರೆ ತಣ್ಣೀರು ಸದ್ದಿಲ್ಲದೆ ಬಿಸಿನೀರಿನ ಪೈಪಿಗೆ ನುಗ್ಗುತ್ತೆ. ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಇದ್ದರಂತೂ ಇನ್ನೂ ಜಾಸ್ತಿ. ಬೇಸಿಗೆಯಲ್ಲೂ ಬೆರೆಯುತ್ತಿರುತ್ತೆ, ಟ್ಯಾಂಕಿನ ನೀರು ಸುಡೋ ಹಾಗಿರುವುದರಿಂದ ಗೊತ್ತಾಗಲ್ಲ ಅಷ್ಟೇ. ಪರೀಕ್ಷೆ ಸುಲಭ. ಬಿಸಿಲೇರುವ ಮುಂಚೆ ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ಗೇಟ್ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ಬಿಡಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ಸುರಿಯುತ್ತಲೇ ಇದ್ದರೆ ತಣ್ಣೀರು ಬೇರೆ ದಾರಿಯಿಂದ ಬರುತ್ತಿದೆ ಅಂತ. ನೋಡಿದ ಕೂಡಲೇ ವಾಲ್ವ್ ತೆರೆಯೋದು ಮರೆಯಬೇಡಿ.

ಇನ್ನೊಂದು, ದಕ್ಷಿಣ ದಿಕ್ಕಿನಲ್ಲಿ ಪಕ್ಕದವರು ಮಹಡಿ ಎತ್ತಿದ್ದಾರಾ? ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ನಡುಮಧ್ಯಾಹ್ನವೂ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಬರ್ತಾನೆ. ಹತ್ತು ಅಡಿ ಗೋಡೆಯ ನೆರಳು ಆಗಲೂ ಏಳು ಅಡಿ ದಾಟುತ್ತೆ, ಬೆಳಿಗ್ಗೆ ಸಂಜೆ ಕೇಳೋದೇ ಬೇಡ. ಜೂನ್‌ನಲ್ಲಿ ನೋಡಿದರೆ ಆ ಜಾಗದಲ್ಲಿ ನೆರಳೇ ಇರಲ್ಲ. ಹಾಗಾಗಿ ಹತ್ತು ಗಂಟೆಗೊಮ್ಮೆ, ಮೂರಕ್ಕೊಮ್ಮೆ ಈಗಲೇ ಹತ್ತಿ ನೋಡಿ.

ತುಮಕೂರಿನಿಂದ:
ಬೋರ್ ನೀರಾದರೆ ಟ್ಯೂಬ್ ಬಿಚ್ಚಿಸಿ ನೋಡಿ. ನಮ್ಮ ಮನೇಲಿ ಬಿಚ್ಚಿದಾಗ ಸುಣ್ಣದಂಥ ಬಿಳಿ ಚಕ್ಕೆ ಬೊಗಸೆ ತುಂಬ ಬಿತ್ತು, ತೊಳೆಸಿದ ಮೇಲೆ ನೀರು ಚೆನ್ನಾಗಿ ಕಾಯ್ತಿದೆ. ಟ್ಯೂಬಿನ ಕೆಳತುದಿಯನ್ನೂ ಬಗ್ಗಿ ನೋಡಿ, ಕನ್ನಡಿಯ ಹಾಗೆ ಹೊಳೆಯುತ್ತಿರಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಜಿನೊಳಗೆ ಗಾಳಿ ಸೇರಿದೆ, ಆ ಟ್ಯೂಬ್ ಬದಲಿಸಲೇಬೇಕು. ಹೊರಗಿನ ಧೂಳು ಬೆಳಗಿನ ಜಾವವೇ ಒರೆಸಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಒಡೆಯುತ್ತೆ.

ತೀರ್ಥಹಳ್ಳಿಯಿಂದ:
ನಮ್ಮ ಕಡೆ ಮಳೆಗಾಲದಲ್ಲೇ ಕಷ್ಟ ಜಾಸ್ತಿ, ಬಿಸಿಲೇ ಇರಲ್ಲ. ಸೋಲಾರ್ ಬಂದರೂ ಬಚ್ಚಲ ಹಂಡೆ ತೆಗೆದಿಲ್ಲ. ಸೋಲಾರಿನ ಉಗುರು ಬೆಚ್ಚಗಿನ ನೀರನ್ನೇ ಹಂಡೆಗೆ ಬಿಟ್ಟು ಒಲೆಗೆ ನಾಲ್ಕು ಹಿಡಿ ಅಡಿಕೆ ಸಿಪ್ಪೆ ಒಡ್ಡಿದರೆ ಬೇಗ ಕಾಯುತ್ತೆ.

ಹುಬ್ಬಳ್ಳಿಯಿಂದ:
ಅಕ್ಕಾರ, ಎಲ್ಲಾ ಸರಿಮಾಡಿಸಿದ ಮೇಲೂ ಮೋಡದ ದಿನಕ್ಕೆ ಏನಾದರೂ ಬೇಕೇ ಬೇಕು. ಟ್ಯಾಂಕಿನೊಳಗಿನ ಕಾಯಿಲ್ ಹಾಕಿದರೆ 200 ಲೀಟರನ್ನು 30ರಿಂದ 45 ಡಿಗ್ರಿಗೆ ಏರಿಸಲು ಮೂರೂವರೆ ಯೂನಿಟ್ ಹೋಗುತ್ತೆ, ಸ್ನಾನ ಮಾಡೋರು ಒಬ್ಬರೇ ಇದ್ದರೂ ಅಷ್ಟೂ ನೀರು ಕಾಯಿಸಬೇಕು. ಅತ್ತೆಯವರ ಬಚ್ಚಲಿಗೆ ಮಾತ್ರ 3 ಕಿಲೋವಾಟಿನ ಸಣ್ಣ ಗೀಸರ್ ಹಾಕಿಸಿ. 20 ಡಿಗ್ರಿ ನೀರನ್ನು 42ಕ್ಕೆ ತರಲು ಒಂದು ಬಕೆಟ್‌ಗೆ ಹತ್ತು ನಿಮಿಷ, ಅರ್ಧ ಯೂನಿಟ್. ಅರ್ಥಿಂಗ್ ಸರಿ ಇದೆಯಾ ಅಂತ ನೋಡಿಸಿಯೇ ಹಾಕಿಸಿ. ಗ್ಯಾಸ್ ಗೀಸರ್ ಬಚ್ಚಲೊಳಗೆ ಮಾತ್ರ ಬೇಡವೇ ಬೇಡ. ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರಲ್ಲ, ಹಾಗೇ ಪ್ರಜ್ಞೆ ತಪ್ಪುತ್ತೆ. ವಯಸ್ಸಾದವರಿರುವ ಮನೆ, ಎಚ್ಚರ ಇರಲಿ.

ಮೈಸೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ವಾಲ್ವ್ ಮುಚ್ಚಿ ನೋಡಿದೆವು, ನೀರು ನಿಲ್ಲಲೇ ಇಲ್ಲ! ಮಹಡಿಯ ಬಚ್ಚಲಲ್ಲಿ ಹ್ಯಾಂಡ್ ಶವರಿನ ಎರಡೂ ತಿರುಗಣೆ ತೆರೆದೇ ಇದ್ದವು. ಮುಚ್ಚಿದ ಕೂಡಲೇ ಕೆಳಗಿನ ನಲ್ಲಿಯಲ್ಲಿ ನೀರು ಸಣ್ಣಗಾಗಿ ನಿಂತಿತು. ಪ್ಲಂಬರ್ ಬರ್ತಾರೆ, ನೀರು ಹಿಂದಕ್ಕೆ ನುಗ್ಗದಂತೆ ತಡೆಯೋ ವಾಲ್ವ್ (ಎನ್‌ಆರ್‌ವಿ) ಎಲ್ಲಿ ಹಾಕಿಸಲಿ?

ಬೆಂಗಳೂರಿನಿಂದ:
ಆ ಮಿಕ್ಸರಿಗೆ ಹೋಗುವ ಬಿಸಿನೀರಿನ ಪೈಪಿಗೆ, ಬಾಣದ ಗುರುತು ಮಿಕ್ಸರ್ ಕಡೆಗೆ ಇರಬೇಕು. ಟ್ಯಾಂಕಿನ ಮೇಲಿರುವ ಗಾಳಿ ಪೈಪನ್ನು ಮಾತ್ರ ಯಾರು ಹೇಳಿದರೂ ಮುಚ್ಚಿಸಬೇಡಿ.