‘ಮೆಟಾಲಿಕ್’ ಬಣ್ಣಕ್ಕೆ ಗಿಲೀಟೇ, ಮುಲಾಮೇ, ಲಾಜವಾರವೇ?

ಪ್ಲಾಸ್ಟಿಕ್ ಬಿಡಿಭಾಗಗಳಿಂದ ಯೋಧರ, ಯಂತ್ರಮಾನವರ ಬೊಂಬೆಗಳನ್ನು ಜೋಡಿಸಿ ಬಣ್ಣ ಹಾಕುವ ಮಕ್ಕಳಿಗಾಗಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ‘ಸ್ಪ್ರೇ ಡಬ್ಬಿಯೊಳಗಿನ ಗುಂಡು ಕಟಕಟ ಎನ್ನುವ ತನಕ ಅಲ್ಲಾಡಿಸಿ, ಆಮೇಲೂ ಒಂದೆರಡು ನಿಮಿಷ ಬಿಡಬೇಡಿ’ ಎನ್ನುವವರೆಗೆ ಬರವಣಿಗೆ ಸರಾಗವಾಗಿ ಸಾಗಿತು. ಲೋಹದ ಹೊಳಪು ಕೊಡುವ ‘ಮೆಟಾಲಿಕ್ ಸ್ಪ್ರೇ’ಗೆ ಕನ್ನಡದ ಪದ ಬೇಕಾದಲ್ಲಿ ಕೈ ನಿಂತಿತು.

‘ಲೋಹೀಯ ಬಣ್ಣ’ದಲ್ಲಿ ಪಠ್ಯಪುಸ್ತಕದ ವಾಸನೆಯಿದೆ. ‘ಕಲಾಯಿ’ ಸಲ್ಲದು, ಅದಕ್ಕೆ ಬೆಂಕಿ, ತವರ, ನವಸಾಗರ, ಕಾದ ಪಾತ್ರೆ ಎಲ್ಲವೂ ಬೇಕು. ‘ಮುಲಾಮು’ ಪದಕ್ಕೆ ಲೋಹದ ಲೇಪ ಎಂಬ ಅರ್ಥವೂ ಇದೆ, ಆದರೆ ಇಂದಿನ ಮಕ್ಕಳಿಗೆ ಗಾಯದ ಔಷಧಿಯೇ ನೆನಪಾಗುತ್ತದೆ. ‘ಗಿಲೀಟು’ ಹತ್ತಿರದ ಪದ, ಆದರೆ ಅದಕ್ಕೆ ಮೋಸದ ಅರ್ಥ ಅಂಟಿಕೊಂಡಿದೆ. ಬೊಂಬೆಯ ಕತ್ತಿಗೆ ಬೆಳ್ಳಿಯ ಹೊಳಪು ಕೊಡುವ ಹುಡುಗಿ ಯಾರಿಗೂ ಮೋಸ ಮಾಡುತ್ತಿಲ್ಲ.

ಈ ಡಬ್ಬಿಯಲ್ಲಿ ಇರುವುದೇನೆಂದು ನೋಡಿದರೆ ದಾರಿ ಕಾಣುತ್ತದೆ. ಬೆಳ್ಳಿಬಣ್ಣಕ್ಕೆ ಸಾಮಾನ್ಯವಾಗಿ ಅಲ್ಯೂಮಿನಿಯಂನ ಬಲು ತೆಳುವಾದ ಚಕ್ಕೆಗಳನ್ನು ರಾಳದ ದ್ರವದಲ್ಲಿ ಬೆರೆಸಿರುತ್ತಾರೆ. ಒಣಗುವಾಗ ಅವು ಮೀನಿನ ಹುರುಪೆಯ ಹಾಗೆ ಒಂದರ ಪಕ್ಕ ಒಂದು ಮಲಗಿದರೆ ಹೊಳಪು. ದಪ್ಪನಾಗಿ ಹೊಡೆದು ಅವು ಅಡ್ಡಾದಿಡ್ಡಿ ನಿಂತರೆ ಬರೀ ಬೂದಿಬಣ್ಣ. ಕನ್ನಡಿಯಂಥ ಹೊಳಪು ಬೇಕೆನ್ನುವವರು ಮೊದಲು ನುಣುಪಾದ ಹೊಳೆಯುವ ಕಪ್ಪು ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಬೆಳ್ಳಿಬಣ್ಣವನ್ನು ತೆಳುವಾಗಿ ಕೂರಿಸುವುದು ಇದಕ್ಕಾಗಿಯೇ.

ಲೋಹದ ಚೂರು, ಹಿಡಿದಿಡಲು ಅಂಟು: ಇದು ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಹಳೆಯ ವಿದ್ಯೆಯಲ್ಲವೇ? ತವರವನ್ನು ಅಂಟಿನೊಂದಿಗೆ ನುಣ್ಣಗೆ ಅರೆದು, ಮರದ ಬೊಂಬೆಯ ಒಡವೆಗಳಿಗೆ ಹಚ್ಚಿ, ಉಜ್ಜಿ ಮಿರುಗಿಸುತ್ತಾರೆ. ಅದಕ್ಕೆ ಅವರ ಹೆಸರು ಲಾಜವಾರ. ಉಜ್ಜುವ ಕೆಲಸವೊಂದು ಡಬ್ಬಿಯ ಬಣ್ಣಕ್ಕಿಲ್ಲ, ನಿಜ. ಆದರೂ ಬೊಂಬೆಯ ಮೈಮೇಲೆ ಲೋಹ ಮಿನುಗಿಸುವುದಕ್ಕೆಂದೇ ಹುಟ್ಟಿದ ಇಂಥ ಪದ ನಮ್ಮಲ್ಲಿರುವಾಗ ಹೊಸದನ್ನು ಟಂಕಿಸಲು ನನಗೆ ಮನಸ್ಸಿಲ್ಲ. ‘ಪರ್ಲ್’ ಎಂಬ ಮುತ್ತಿನ ಹೊಳಪಿನ ಬಣ್ಣಗಳಿಗೆ ಬಹುಮಟ್ಟಿಗೆ ಅಭ್ರಕದ, ಅಂದರೆ ಕಾಗೆಬಂಗಾರದ, ಪುಡಿಯೇ ಆಧಾರ. ಅವನ್ನು ‘ಕಾಗೆಬಂಗಾರದ ಬಣ್ಣ’ ಎಂದು ಈಗಾಗಲೇ ಬರೆದುಬಿಟ್ಟಿದ್ದೇನೆ.

ಉಳಿದದ್ದು ಕ್ರಿಯಾಪದ. ‘ಬಳಿಯುವುದು’ ಎಂದರೆ ಕುಂಚ ಕಣ್ಣಿಗೆ ಬರುತ್ತದೆ, ‘ಸಿಂಪಡಿಸುವುದು’ ಎಂದರೆ ಹೊಲದ ಔಷಧಿ. ಗ್ಯಾರೇಜಿನವರ ‘ಹೊಡೆಯುವುದು’ ನನಗೆ ಹಿಡಿಸಿದೆ. ‘ಕತ್ತಿಗೆ ಲಾಜವಾರ ಹೊಡೆಯಿರಿ’ ಎಂದರೆ ಕೊಪ್ಪಳದ ಕಡೆಯವರ ಕಿವಿಗೆ ಒಪ್ಪುತ್ತದೆಯೇ, ಅಥವಾ ಅಲ್ಲಿ ಅದಕ್ಕೆ ಬೇರೆ ಕ್ರಿಯಾಪದವೇ ಬಳಕೆಯಲ್ಲಿದೆಯೇ?